ಹಳೆಯ ಕಟ್ಟೋ, ಹೊಸ ಕಟ್ಟೋ? ಕ್ವಾರ್ಟರ್ ಹಾರ್ಸ್ ಮೈಕಟ್ಟನ್ನು ಹೋಲಿಸಿ ನೋಡುವ ಬಗೆ

ಟೆಕ್ಸಸ್, ಒಕ್ಲಹೋಮಾ, ಅರಿಝೋನಾ ಕಡೆ ನೆಲೆಸಿರುವ ಕನ್ನಡದ ಮನೆಗಳಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಒಂದೇ. ಮಗಳೋ ಮಗನೋ ಎರಡು ಮೂರು ವರ್ಷ ಸವಾರಿ ಕಲಿತಾಗಿದೆ, ಈಗ ಸ್ವಂತ ಕುದುರೆ ಬೇಕು. ನೋಡಲು ಹೋದರೆ ಒಬ್ಬರು ತಮ್ಮದು ‘ಫೌಂಡೇಶನ್’ ಕುದುರೆ, ಅಂದರೆ ಹಳೆಯ ಮೂಲವಂಶದ್ದು, ಅನ್ನುತ್ತಾರೆ, ಇನ್ನೊಬ್ಬರು ‘ಬುಲ್‌ಡಾಗ್ ಟೈಪ್’ ಅನ್ನುತ್ತಾರೆ, ಮತ್ತೊಬ್ಬರು ಅದೆಲ್ಲ ಹಳೇ ಕಾಲದ್ದು, ಇದು ‘ಮಾಡರ್ನ್’ ಅನ್ನುತ್ತಾರೆ. ಮೂರೂ ಅಮೆರಿಕದ ‘ಕ್ವಾರ್ಟರ್ ಹಾರ್ಸ್’ ತಳಿಯವೇ, ಮೂರಕ್ಕೂ ತಳಿಯ ನೋಂದಣಿ ಕಾಗದ ಇದೆ. ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ. ಯಾವುದನ್ನು ನಂಬುವುದು?

ಹೆಸರನ್ನು ನಂಬಬೇಡಿ, ಎಲುಬನ್ನು ನಂಬಿ. ಮಾಂಸಖಂಡ ಮೇವಿನಿಂದ, ವ್ಯಾಯಾಮದಿಂದ ಆರು ತಿಂಗಳಲ್ಲಿ ಬದಲಾಗುತ್ತದೆ. ಬೆಳೆದು ನಿಂತ ಕುದುರೆಯ ಎಲುಬಿನ ಚೌಕಟ್ಟು ಬದಲಾಗುವುದಿಲ್ಲ. ಅದನ್ನು ಓದಲು ಟೇಪು, ಫೋನು, ಒಂದು ಗಂಟೆ ಬಿಡುವು ಇದ್ದರೆ ಸಾಕು.

ಮೊದಲು ಒಂದು ಎಚ್ಚರಿಕೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ನಲ್ಲೋ ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲೋ ನಾವು ನೋಡಿ ಬೆಳೆದದ್ದು ಥರೋಬ್ರೆಡ್ ಕುದುರೆ: ಉದ್ದ ಕಾಲು, ತೆಳು ಮೈ, ಎತ್ತರದ ಕತ್ತು. ಕಣ್ಣು ಅದಕ್ಕೇ ಒಗ್ಗಿರುವುದರಿಂದ ಹಳೆಯ ಕಟ್ಟಿನ ಕ್ವಾರ್ಟರ್ ಹಾರ್ಸ್ ಮೊದಲ ನೋಟಕ್ಕೆ ಗಿಡ್ಡ, ದಪ್ಪ, ‘ಇದೇನು ಕುದುರೆಯಾ’ ಅನ್ನಿಸಬಹುದು. ಆ ಅನಿಸಿಕೆಯನ್ನು ಒಂದು ದಿನದ ಮಟ್ಟಿಗೆ ಪಕ್ಕಕ್ಕಿಡಿ.

ಈ ಹೆಸರುಗಳು ಬಂದದ್ದು ಎಲ್ಲಿಂದ

ಕ್ವಾರ್ಟರ್ ಅಂದರೆ ಕಾಲು ಮೈಲಿ, ಸುಮಾರು 400 ಮೀಟರ್. ಅಷ್ಟು ದೂರವನ್ನು ಒಂದೇ ಉಸಿರಿಗೆ ಓಡುವ ಕುದುರೆ ಎಂಬುದರಿಂದ ಈ ಹೆಸರು. ಅದೇ ಕುದುರೆ ಮುಂದೆ ಟೆಕ್ಸಸ್ ಸುತ್ತಮುತ್ತ ದನ ಕಾಯುವವರ ಕೈ ಸೇರಿತು. ಹಠಾತ್ತನೆ ಚಿಮ್ಮಿ ಹೋರಿಗೆ ಅಡ್ಡ ನಿಲ್ಲುವುದು, ಹಗ್ಗ ಬಿಗಿದಾಗ ತಗ್ಗಿ ತಡೆದು ನಿಲ್ಲುವುದು ಅದರ ಕೆಲಸ. ಇದಕ್ಕೆ ಬೇಕಾದದ್ದು ಗಿಡ್ಡ ಕಾಲು, ಅಗಲ ಎದೆ, ತುಂಬಿದ ಹಿಂಭಾಗ.

ತಳಿಯ ನೋಂದಣಿ ಸಂಘ, ಅಂದರೆ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಶನ್, ಶುರುವಾದದ್ದು 1940ರಲ್ಲಿ. 1941ರ ಫೋರ್ಟ್ ವರ್ತ್ ಪ್ರದರ್ಶನದಲ್ಲಿ ಗೆದ್ದ ಗಂಡು ಕುದುರೆಗೆ ತಳಿಯ ನೋಂದಣಿ ಪುಸ್ತಕದ ಮೊದಲ ಸಂಖ್ಯೆ ಎಂದು ತೀರ್ಮಾನವಾಗಿತ್ತು. ಗೆದ್ದದ್ದು ಟೆಕ್ಸಸ್‌ನ ಕಿಂಗ್ ರ‍್ಯಾಂಚ್‌ನ ವಿಂಪಿ. ‘ಹಳೆಯ ಕಟ್ಟು’ ಎಂದರೇನು ಎಂದು ಕೇಳಿದರೆ ಈಗಲೂ ಹಲವರು ವಿಂಪಿಯ ಚಿತ್ರ ತೋರಿಸುತ್ತಾರೆ. ಗುಂಡು ದವಡೆ, ಗಿಡ್ಡ ಕಿವಿ, ಗಿಡ್ಡ ಬೆನ್ನು, ದಪ್ಪ ತೊಡೆ: ನಾಯಿಯ ಜಾತಿಯೊಂದರ ನೆನಪು ತರುವ ಈ ರೂಪಕ್ಕೇ ‘ಬುಲ್‌ಡಾಗ್’ ಎಂಬ ಹೆಸರು.

ಇಲ್ಲಿ ಹಲವರು ಎಡವುತ್ತಾರೆ. ಹಳೆಯ ಕಾಲದ ಕ್ವಾರ್ಟರ್ ಹಾರ್ಸ್‌ಗಳೆಲ್ಲ ಬುಲ್‌ಡಾಗ್ ಆಗಿರಲಿಲ್ಲ. ಪಂದ್ಯಕ್ಕೆ ಓಡಿಸುವವರ ಹತ್ತಿರ ಆಗಲೇ ಉದ್ದ ಮೈಯ, ಹಗುರ ಕುದುರೆಗಳಿದ್ದವು. ಯಾವುದು ನಿಜವಾದ ತಳಿ ಎಂಬ ಜಗಳ 1940ರ ದಶಕದುದ್ದಕ್ಕೂ ನಡೆಯಿತು. ಓಟದ ಕಡೆಯವರು ಬೇರೆ ಸಂಘವನ್ನೇ ಕಟ್ಟಿಕೊಂಡರು, ಕೊನೆಗೆ 1949ರಲ್ಲಿ ಎಲ್ಲ ಒಂದಾದರು. ಆಮೇಲೆ ಥರೋಬ್ರೆಡ್ ರಕ್ತ ಧಾರಾಳವಾಗಿ ಬೆರೆಯಿತು. ಅದರಲ್ಲಿ 1940ರಲ್ಲಿ ಹುಟ್ಟಿದ ಥ್ರೀ ಬಾರ್ಸ್ ಎಂಬ ಥರೋಬ್ರೆಡ್‌ನ ಪಾಲು ಬಹಳ ದೊಡ್ಡದು. ಅವನ ಮೊಮ್ಮಗ ಡಾಕ್ ಬಾರ್ (1956) ಓಟದಲ್ಲಿ ಸೋತು, ಮೈಕಟ್ಟಿನ ಪ್ರದರ್ಶನಗಳಲ್ಲಿ ಗೆದ್ದು, ಕೊನೆಗೆ ದನ ಬೇರ್ಪಡಿಸುವ ಕುದುರೆಗಳ ವಂಶಕ್ಕೆ ಮೂಲಪುರುಷನಾದ. ಬುಲ್‌ಡಾಗ್ ರೂಪ ಹಿಂದೆ ಸರಿದು ನಾಜೂಕು ರೂಪ ಮುಂದೆ ಬಂದದ್ದರಲ್ಲಿ ಅವನ ಕೈವಾಡ ಇದೆ. ಒಂದೇ ಕುದುರೆಯ ಕಥೆಯಲ್ಲಿ ಓಟ, ಚೆಲುವು, ಕೆಲಸ ಮೂರೂ ಬಂದುಹೋಗಿವೆ, ನೋಡಿ.

ಹಾಗೆಯೇ ‘ಹೊಸ ಕಟ್ಟು’ ಕೂಡ ಒಂದಲ್ಲ. ಇವತ್ತು ಕಡಿಮೆಯೆಂದರೆ ನಾಲ್ಕು ಬಗೆ ಕಣ್ಣಿಗೆ ಬೀಳುತ್ತವೆ. ಹಾಲ್ಟರ್ ಕುದುರೆ, ಅಂದರೆ ಸವಾರಿಯಿಲ್ಲದೆ ಮೈಕಟ್ಟನ್ನಷ್ಟೇ ನೋಡಿ ಬಹುಮಾನ ಕೊಡುವ ಸ್ಪರ್ಧೆಗೆ ಬೆಳೆಸಿದ್ದು: ಎತ್ತರ, ಭಾರಿ ಮಾಂಸಖಂಡ. ಪ್ಲೆಶರ್ ಹಾಗೂ ಹಂಟರ್ ಕುದುರೆ, ನಿಧಾನದ ಸೊಗಸಾದ ಸವಾರಿಗೆ: ಉದ್ದ ಕಾಲು, ಚಪ್ಪಟೆ ಖಂಡ. ಓಟದ ಕುದುರೆ: ಬಹುಪಾಲು ಥರೋಬ್ರೆಡ್‌ನಂತೆ. ಕಟಿಂಗ್, ರೀನಿಂಗ್ ಕುದುರೆ, ಅಂದರೆ ದನ ಬೇರ್ಪಡಿಸುವ, ಗಿರ್ರನೆ ತಿರುಗಿ ಜಾರಿ ನಿಲ್ಲುವ ಸ್ಪರ್ಧೆಯವು: ಇವು ಗಿಡ್ಡವೇ, ಆದರೆ ಬುಲ್‌ಡಾಗ್‌ಗಿಂತ ತೆಳು. ನೀವು ನೋಡಲು ಹೊರಟದ್ದು ‘ಮಾಡರ್ನ್’ ಅಂದರೆ ಇವುಗಳಲ್ಲಿ ಯಾವುದು ಎಂದು ಮೊದಲೇ ಕೇಳಿಕೊಳ್ಳಿ.

ಬೇಕಾದ ಸಾಮಾನು

ದರ್ಜಿಯ ಮೆದು ಟೇಪು (ಎರಡೂವರೆ ಮೀಟರ್ ಉದ್ದದ್ದಾದರೆ ಒಳ್ಳೆಯದು, ಇಲ್ಲದಿದ್ದರೆ ದಾರ ಸುತ್ತಿ ಆಮೇಲೆ ಅಳೆಯಿರಿ), ಎತ್ತರದ ಕೋಲು, ಫೋನು, ಪುಸ್ತಕ. ಹಿಡಿದುಕೊಳ್ಳಲು ಕುದುರೆಗೆ ಪರಿಚಯವಿರುವ ಒಬ್ಬರು. ಮಟ್ಟಸವಾದ ಗಟ್ಟಿ ನೆಲ.

1. ಕೆಲಸ ಯಾವುದೆಂದು ಮೊದಲು ಬರೆದಿಡಿ

ಕುದುರೆ ಕಂಡ ಮೇಲೆ ಮನಸ್ಸು ಸೋಲುತ್ತದೆ. ಆದ್ದರಿಂದ ಮನೆಯಲ್ಲೇ ಬರೆಯಿರಿ: ವಾರಕ್ಕೆ ಎಷ್ಟು ದಿನ, ಎಂಥ ಸವಾರಿ, ಸವಾರರ ತೂಕವೆಷ್ಟು. ಜೀನು ಸೇರಿ ಸವಾರರ ತೂಕ ಕುದುರೆಯ ತೂಕದ ಶೇ. 20 ದಾಟಬಾರದು ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. ಮಗು ಬೆಳೆಯುತ್ತದೆ, ಅಪ್ಪನೂ ಭಾನುವಾರ ಹತ್ತುತ್ತಾನೆ. ಆ ತೂಕಕ್ಕೇ ಲೆಕ್ಕ ಹಾಕಿ.

2. ನಿಲ್ಲಿಸಿ ಫೋಟೊ ತೆಗೆಯಿರಿ

ನಾಲ್ಕೂ ಕಾಲು ನೇರವಾಗಿ ಮೈಯ ಕೆಳಗಿರುವಂತೆ ನಿಲ್ಲಿಸಲು ಹೇಳಿ. ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ಮೂರು ಚಿತ್ರ. ಪಕ್ಕದ ಚಿತ್ರಕ್ಕೆ ಆರೇಳು ಮೀಟರ್ ದೂರ ಹೋಗಿ, ಫೋನನ್ನು ಕುದುರೆಯ ಹೊಟ್ಟೆಯ ಮಟ್ಟಕ್ಕೆ ಇಳಿಸಿ, ಸ್ವಲ್ಪ ಝೂಮ್ ಮಾಡಿ ತೆಗೆಯಿರಿ. ಹತ್ತಿರ ನಿಂತು ತೆಗೆದರೆ ಫೋನಿನ ಅಗಲ ಲೆನ್ಸ್ ತನ್ನ ಎದುರಿಗಿರುವುದನ್ನು ಉಬ್ಬಿಸಿ, ಆಚೆಯದನ್ನು ಕುಗ್ಗಿಸುತ್ತದೆ. ಜಾಹೀರಾತಿನ ಎಷ್ಟೋ ಚಿತ್ರಗಳಲ್ಲಿ ಹಿಂಭಾಗ ಭರ್ಜರಿಯಾಗಿ ಕಾಣುವುದು ಹಿಂದಿನ ಮೂಲೆಯಿಂದ ತೆಗೆದದ್ದಕ್ಕೆ. ಎರಡು ಕುದುರೆ ಹೋಲಿಸುವುದಿದ್ದರೆ ಎರಡನ್ನೂ ಒಂದೇ ದೂರ, ಒಂದೇ ಎತ್ತರದಿಂದ ತೆಗೆದಿರಬೇಕು. ಇಲ್ಲದಿದ್ದರೆ ನೀವು ಹೋಲಿಸುವುದು ಎರಡು ಫೋಟೊಗಳನ್ನು.

3. ಅಳತೆ ಹಿಡಿಯಿರಿ

ಎತ್ತರವನ್ನು ವಿದರ್ಸ್‌ನಿಂದ ನೆಲಕ್ಕೆ ಅಳೆಯುತ್ತಾರೆ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಕೈಗೆ ಸಿಗುವ ಎಲುಬಿನ ದಿಬ್ಬವೇ ವಿದರ್ಸ್. ಅಳತೆಯ ಘಟಕ ‘ಹ್ಯಾಂಡ್’, ಅಂದರೆ 4 ಇಂಚು. 15.2 ಎಂದು ಬರೆದಿದ್ದರೆ 15 ಹ್ಯಾಂಡ್ ಮತ್ತು 2 ಇಂಚು, ಒಟ್ಟು 62 ಇಂಚು, ಸುಮಾರು 157 ಸೆಂ.ಮೀ. ಅದು ದಶಮಾಂಶವಲ್ಲ: 15.3 ಆದ ಮೇಲೆ 16. ನಮ್ಮವರು ಅತಿ ಹೆಚ್ಚು ತಪ್ಪು ಮಾಡುವುದು ಇಲ್ಲಿ. ಹಳೆಯ ಕಟ್ಟಿನವು ಸಾಮಾನ್ಯವಾಗಿ 14.1ರಿಂದ 15ರ ಆಸುಪಾಸು. ಹಾಲ್ಟರ್, ಹಂಟರ್ ಬಗೆಯವು 16 ದಾಟುವುದೂ ಉಂಟು.

ಎದೆಸುತ್ತು: ವಿದರ್ಸ್‌ನ ಹಿಂದಿನಿಂದ, ಮುಂಗಾಲಿನ ಹಿಂದೆ ಹಾಯಿಸಿ ಸುತ್ತಳತೆ. ಮೈಯುದ್ದ: ಎದೆಯ ಪಕ್ಕದಲ್ಲಿ ಮುಂದೆ ಚಾಚಿದ ಭುಜದ ತುದಿಯಿಂದ ಪೃಷ್ಠದ ಕೊನೆಯ ಎಲುಬಿನವರೆಗೆ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಮೈಯುದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ (ಅಳತೆಗಳು ಸೆಂಟಿಮೀಟರ್‌ನಲ್ಲಿರಬೇಕು). 190 ಸುತ್ತು, 165 ಉದ್ದ ಇದ್ದರೆ ಸುಮಾರು 500 ಕಿಲೋ.

ಆಮೇಲೆ ಎರಡು ಅಳತೆ: ವಿದರ್ಸ್‌ನಿಂದ ಎದೆಯ ತಳಕ್ಕೆ ಎಷ್ಟು, ಎದೆಯ ತಳದಿಂದ ನೆಲಕ್ಕೆ ಎಷ್ಟು? ಹಳೆಯ ಕಟ್ಟಿನಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ, ಕೆಲವೊಮ್ಮೆ ಎದೆಯೇ ಒಂದು ಬೆರಳು ಹೆಚ್ಚು. ಓಟದ, ಹಂಟರ್ ಬಗೆಯಲ್ಲಿ ಕಾಲು ಎದ್ದು ಉದ್ದ. ನನಗೆ ಕಟ್ಟನ್ನು ತಟ್ಟನೆ ಹೇಳಿಬಿಡುವ ಅಳತೆ ಇದೊಂದೇ.

4. ಕೊಬ್ಬನ್ನು ಕಟ್ಟು ಎಂದು ತಿಳಿಯಬೇಡಿ

ಕುದುರೆಯ ಮೈಯನ್ನು 1ರಿಂದ 9ರವರೆಗೆ ಅಳೆಯುವ ಹೆನ್ನೆಕೆ ಮಾಪನ 1983ರಲ್ಲಿ ಟೆಕ್ಸಸ್‌ನಲ್ಲಿ ರೂಪುಗೊಂಡದ್ದು: 1 ಅಂದರೆ ಎಲುಬಿನ ಗೂಡು, 9 ಅಂದರೆ ಬೊಜ್ಜು, 5 ಹದ. ಕತ್ತಿನ ಮೇಲಂಚು, ವಿದರ್ಸ್, ಭುಜದ ಹಿಂಬದಿ, ಪಕ್ಕೆಲುಬು, ಸೊಂಟ, ಬಾಲದ ಬುಡ ಇಷ್ಟನ್ನೂ ಕೈಯಾಡಿಸಿ ನೋಡಬೇಕು, ಕಣ್ಣಿನಿಂದಷ್ಟೇ ಅಲ್ಲ. ಒತ್ತಿದರೆ ಪಕ್ಕೆಲುಬು ಸಿಗಬೇಕು. ಬಾಲದ ಬುಡ ಸ್ಪಂಜಿನಂತೆ ಮೆತ್ತಗಿದ್ದರೆ, ಕತ್ತಿನ ಮೇಲೆ ಗಟ್ಟಿ ದಿಂಡು ಎದ್ದಿದ್ದರೆ ಅದು ‘ಬುಲ್‌ಡಾಗ್’ ಲಕ್ಷಣವಲ್ಲ, ತಿಂದದ್ದು ಹೆಚ್ಚಾದ ಲಕ್ಷಣ. ಕತ್ತಿನ ಆ ದಿಂಡು ಗೊರಸಿನ ಉರಿಯೂತದ ಮುನ್ಸೂಚನೆಯೂ ಆಗಿರಬಹುದು.

ಇದರ ತಿರುಗುಮುರುಗೂ ಉಂಟು. ಒಳ್ಳೆಯ ಹಳೆ ಕಟ್ಟಿನ ಕುದುರೆ ಮೇವಿಲ್ಲದೆ ಬಡಕಲಾಗಿದ್ದರೆ ‘ಮಾಡರ್ನ್’ ಎಂದು ಕಾಣುತ್ತದೆ. ಮಾಪನದಲ್ಲಿ 4ರಿಂದ 6ರ ಹೊರಗಿರುವ ಕುದುರೆಯ ಮೈಕಟ್ಟಿನ ಬಗ್ಗೆ ಆವತ್ತೇ ತೀರ್ಮಾನ ಬೇಡ.

ವಯಸ್ಸೂ ಮೋಸ ಮಾಡುತ್ತದೆ. ಎರಡು, ಮೂರು ವರ್ಷದ ಮರಿಗಳಲ್ಲಿ ಹಿಂಭಾಗ ಮೊದಲು ಎತ್ತರವಾಗಿ, ಮುಂಭಾಗ ಆಮೇಲೆ ಸೇರಿಕೊಳ್ಳುತ್ತದೆ. ಅವನ್ನು ಹೋಲಿಸಲೇಬೇಡಿ. ಐದು ದಾಟಿದ್ದನ್ನು ಐದು ದಾಟಿದ್ದರ ಜೊತೆ ಹೋಲಿಸಿ.

5. ಚೌಕಟ್ಟನ್ನು ಓದಿ

ಈಗ ಪಕ್ಕದ ಫೋಟೊ ತೆರೆಯಿರಿ. ಭುಜ, ಬೆನ್ನು, ಹಿಂಭಾಗ ಎಂದು ಮೈಯನ್ನು ಮೂರು ಪಾಲು ಮಾಡಿ ಗೆರೆ ಎಳೆಯಿರಿ. ಮೂರೂ ಹತ್ತಿರಹತ್ತಿರ ಸಮವಿದ್ದರೆ ಸಮತೋಲದ ಕುದುರೆ, ಹಳೆಯದಿರಲಿ ಹೊಸದಿರಲಿ. ಬೆನ್ನಿನ ಗೆರೆ ಗಿಡ್ಡ, ಹೊಟ್ಟೆಯ ಗೆರೆ ಉದ್ದ ಇರಬೇಕು.

ವಿದರ್ಸ್ ನೋಡಿ. ಬುಲ್‌ಡಾಗ್ ಕಟ್ಟಿನ ದೊಡ್ಡ ಕುಂದು ಇಲ್ಲೇ ಇರುವುದು. ದಿಬ್ಬವೇ ಇಲ್ಲದೆ ಬೆನ್ನು ಉರುಳೆಯಂತಿದ್ದರೆ ಜೀನು ನಿಲ್ಲುವುದಿಲ್ಲ, ಮಗು ಹತ್ತುವಾಗಲೇ ಪಕ್ಕಕ್ಕೆ ತಿರುಗುತ್ತದೆ. ಥರೋಬ್ರೆಡ್ ರಕ್ತ ತಂದ ಒಳ್ಳೆಯದರಲ್ಲಿ ವಿದರ್ಸ್ ಒಂದು, ಇದನ್ನು ಹಳೆಯ ಕಟ್ಟಿನ ಅಭಿಮಾನಿಗಳೂ ಒಪ್ಪಬೇಕು.

ಮುಂದೆ, ವಿದರ್ಸ್ ಮತ್ತು ಪೃಷ್ಠದ ಅತಿ ಎತ್ತರದ ಜಾಗ, ಇವೆರಡರ ಎತ್ತರ ಹೋಲಿಸಿ. ಹಿಂಭಾಗ ಎತ್ತರವಿದ್ದರೆ ಅದನ್ನು ‘ಡೌನ್‌ಹಿಲ್’, ಇಳಿಜಾರಿನ ಕಟ್ಟು ಅನ್ನುತ್ತಾರೆ. ಹಳೆಯ ಬುಲ್‌ಡಾಗ್‌ಗಳಲ್ಲಿ, ಇವತ್ತಿನ ಕೆಲವು ಕಟಿಂಗ್ ಕುದುರೆಗಳಲ್ಲಿ ಇದು ಸಾಮಾನ್ಯ. ಒಂದೆರಡು ಸೆಂಟಿಮೀಟರ್ ಇದ್ದರೆ ಗಾಬರಿ ಬೇಡ. ಅದಕ್ಕಿಂತ ಹೆಚ್ಚಾದರೆ ಸವಾರರ ಭಾರ ಮುಂಗಾಲಿಗೆ ಬೀಳುತ್ತದೆ, ಇಳಿಜಾರು ಹಾದಿಯಲ್ಲಿ ನೀವು ಕತ್ತಿನ ಮೇಲೆ ಕೂತ ಹಾಗಾಗುತ್ತದೆ.

ಭುಜದ ಓರೆ: ವಿದರ್ಸ್‌ನಿಂದ ಭುಜದ ತುದಿಗೆ ಗೆರೆ ಎಳೆದು ನೋಡಿ. 45ರಿಂದ 50 ಡಿಗ್ರಿ ಓರೆಯಿದ್ದರೆ ಹೆಜ್ಜೆ ಉದ್ದ, ಸವಾರಿ ಮೃದು. ನೆಟ್ಟಗಿದ್ದರೆ ಹೆಜ್ಜೆ ಗಿಡ್ಡ, ಕುಲುಕು ಹೆಚ್ಚು. ಹಳೆ ಕಟ್ಟಿನಲ್ಲಿ ನೆಟ್ಟಗಿನ ಭುಜ ಸಿಗುವುದೇ ಹೆಚ್ಚು. ಹೊಸ ಹಾಲ್ಟರ್ ಕುದುರೆಗಳಲ್ಲೂ ಸಿಗುತ್ತದೆ, ಆದರೆ ಮಾಂಸ ಅದನ್ನು ಮುಚ್ಚಿರುತ್ತದೆ. ಬೆರಳಿನಿಂದ ಎಲುಬಿನ ಅಂಚು ಹುಡುಕಿ.

ಕತ್ತು ತಲೆಗೆ ಸೇರುವಲ್ಲಿ, ದವಡೆಯ ಹಿಂದೆ, ಕೈ ಹಿಡಿಸುವಷ್ಟು ಜಾಗ ಇರಬೇಕು. ದೊಡ್ಡ ದವಡೆ, ದಪ್ಪ ಕತ್ತು ಎರಡೂ ಸೇರಿದರೆ ಕುದುರೆಗೆ ತಲೆ ಬಾಗಿಸುವುದೇ ಕಷ್ಟ. ಹಟಮಾರಿ ಎಂದು ಬೈಸಿಕೊಳ್ಳುವ ಎಷ್ಟೋ ಕುದುರೆಗಳಿಗೆ ನಿಜಕ್ಕೂ ಜಾಗ ಸಾಲುತ್ತಿರುವುದಿಲ್ಲ.

ಇನ್ನು ಹಿಂಭಾಗ. ಹಿಂದಿನಿಂದ ನಿಂತು (ಒದೆಯುವ ದೂರದ ಆಚೆ) ನೋಡಿದರೆ ತೊಡೆಗಿಂತ ಕೆಳತೊಡೆ, ಅಂದರೆ ಮಂಡಿ ಮತ್ತು ಹಿಂಗಾಲಿನ ಗಿಣ್ಣಿನ ನಡುವಿನ ಭಾಗ, ಏನು ಹೇಳುತ್ತದೆ ಗಮನಿಸಿ. ಅಲ್ಲಿ ಒಳಗೂ ಹೊರಗೂ ಖಂಡ ಇಳಿದು ಬಂದಿದ್ದರೆ ಅದು ಕೆಲಸದ ಶಕ್ತಿ. ಮೇಲೆ ಬೆಟ್ಟ, ಕೆಳಗೆ ಕಡ್ಡಿ ಇದ್ದರೆ ನೋಟಕ್ಕೆ ಬೆಳೆಸಿದ್ದು.

6. ಕಾಲು ಮತ್ತು ಗೊರಸು: ಇಲ್ಲಿ ಅವಸರ ಬೇಡ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವ ರೈತ ಕೊಂಬಿಗೆ ಮರುಳಾಗಿ ನಿಂತರೂ ಗೊರಸು ನೋಡದೆ ದುಡ್ಡು ಎಣಿಸುವುದಿಲ್ಲ. ಅದೇ ಬುದ್ಧಿ ಇಲ್ಲೂ ಬೇಕು.

ಮೊಣಕಾಲಿನ ಸ್ವಲ್ಪ ಕೆಳಗೆ ನಳಿಗೆ ಎಲುಬನ್ನು, ಅದರ ಹಿಂದಿನ ನರಗಟ್ಟುಗಳ ಸಮೇತ, ಟೇಪಿನಿಂದ ಸುತ್ತಿ ಅಳೆಯಿರಿ. ಇದಕ್ಕೆ ಕುದುರೆಯವರು ‘ಬೋನ್’ ಅನ್ನುತ್ತಾರೆ. 1,000 ಪೌಂಡ್ ತೂಕಕ್ಕೆ 7 ಇಂಚು ಇರಬೇಕೆಂಬುದು ಹಳೆಯ ಕೈಲೆಕ್ಕ. ಆ ಲೆಕ್ಕದಲ್ಲಿ 500 ಕಿಲೋದ (1,100 ಪೌಂಡ್) ಕುದುರೆಗೆ 7.7 ಇಂಚು, ಸುಮಾರು 19.5 ಸೆಂ.ಮೀ. ಬೇಕು. ಹಳೆ ಕಟ್ಟಿನ ಗಿಡ್ಡ ಕುದುರೆಗೆ ಇದು ಸಲೀಸಾಗಿ ಸಿಗುವುದುಂಟು. ಭಾರಿ ಹಾಲ್ಟರ್ ಕುದುರೆಯಲ್ಲಿ ಮೈ ಬೆಳೆದಷ್ಟು ಎಲುಬು ಬೆಳೆದಿರುವುದಿಲ್ಲ, ಅಲ್ಲಿ ಟೇಪು ಸತ್ಯ ಹೇಳುತ್ತದೆ.

ಗೊರಸು ಮೈಗೆ ತಕ್ಕಷ್ಟು ಅಗಲ ಇದೆಯೇ? ದೊಡ್ಡ ಮೈಗೆ ಪುಟ್ಟ ಗೊರಸು ಈ ತಳಿಗೆ ಅಂಟಿದ ನಿಜವಾದ ಕಳಂಕ. ಚಿಕ್ಕ ಗೊರಸು ಪ್ರದರ್ಶನದಲ್ಲಿ ನಾಜೂಕು ಎನಿಸಿಕೊಂಡ ಕಾಲವಿತ್ತು, ಅದರ ಬೆಲೆ ತೆತ್ತದ್ದು ಕುದುರೆಗಳು. ಮುಂಗಾಲಿನ ಗೊರಸಿನೊಳಗೆ ನ್ಯಾವಿಕ್ಯುಲರ್ ಎಂಬ ಚಿಕ್ಕ ಎಲುಬಿದೆ. ಅಷ್ಟು ಭಾರ ಅಷ್ಟು ಕಡಿಮೆ ಜಾಗದ ಮೇಲೆ ವರ್ಷಗಟ್ಟಲೆ ಬಿದ್ದಾಗ ಅದರ ಸುತ್ತ ನೋವು ಹುಟ್ಟುತ್ತದೆ, ಕುದುರೆ ಹಿಮ್ಮಡಿ ಊರಲು ಹೆದರುತ್ತದೆ. ಒಮ್ಮೆ ಬಂದರೆ ಸಂಭಾಳಿಸಬಹುದೇ ಹೊರತು ಪೂರ್ತಿ ಹೋಗುವುದು ಅಪರೂಪ. ನನ್ನ ಮೊದಲ ಕುದುರೆಯನ್ನು ನಾನು ಮೈ ನೋಡಿ ಕೊಂಡೆ, ಗೊರಸು ನೋಡಲಿಲ್ಲ. ಅದು ಪಟ್ಟ ನೋವು ನೆನಪಿರುವುದರಿಂದಲೇ ಈ ಭಾಗವನ್ನು ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಹಿಂಗಾಲಿನ ಗಿಣ್ಣಿಗೆ ‘ಹಾಕ್’ ಅನ್ನುತ್ತಾರೆ. ಪಕ್ಕದಿಂದ ನೋಡಿದಾಗ ಹಿಂಗಾಲು ಕಂಬದ ಹಾಗೆ ನೆಟ್ಟಗಿದ್ದರೆ ಹಾಕ್ ಮತ್ತು ಮಂಡಿ ಎರಡಕ್ಕೂ ಆಘಾತ ಹೆಚ್ಚು. ಭಾರಿ ಖಂಡದ ಹೊಸ ಹಾಲ್ಟರ್ ಬಗೆಯಲ್ಲಿ ಇದನ್ನು ಮುಖ್ಯವಾಗಿ ಹುಡುಕಿ.

7. ನಡೆಸಿ ನೋಡಿ

ಗಟ್ಟಿ ನೆಲದ ಮೇಲೆ ನಿಮ್ಮಿಂದ ದೂರಕ್ಕೆ, ನಿಮ್ಮತ್ತ, ಆಮೇಲೆ ಪಕ್ಕದಲ್ಲಿ ನಡೆಸಿ, ಓಡಿಸಿ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಬೀಳುತ್ತದೆಯೇ, ಹಿಂದೆಯೇ ಉಳಿಯುತ್ತದೆಯೇ? ಎರಡೂ ಕಡೆ ಸಣ್ಣ ಸುತ್ತು ತಿರುಗಿಸಿ. ಹಳೆ ಕಟ್ಟಿನ ಕುದುರೆಯ ಹೆಜ್ಜೆ ಗಿಡ್ಡವಿರಬಹುದು, ಆದರೆ ತಿರುವು ಚುರುಕಾಗಿರಬೇಕು. ಹೆಜ್ಜೆ ಗಿಡ್ಡ, ತಿರುವೂ ಬಿಗಿ, ತಲೆ ಮೇಲೆ ಕೆಳಗೆ ಆಡುತ್ತಿದೆ ಅಂದರೆ ಅದು ಕಟ್ಟಿನ ಮಾತಲ್ಲ, ನೋವಿನ ಮಾತು.

8. ಕಾಗದ ಮತ್ತು ಡಿಎನ್ಎ

‘ಫೌಂಡೇಶನ್’ ಎಂಬುದು ವಂಶದ ಮಾತು, ರೂಪದ ಮಾತಲ್ಲ. ವಂಶಾವಳಿಯಲ್ಲಿ ಹಳೆಯ ಕ್ವಾರ್ಟರ್ ಹಾರ್ಸ್‌ಗಳ ಪಾಲು ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ ದಾಖಲಿಸುವ ಪ್ರತ್ಯೇಕ ಸಂಘಗಳಿವೆ. ಆದರೆ ಶೇಕಡಾ ಹೆಚ್ಚಿದ್ದೂ ಉದ್ದ ಕಾಲಿನ ಕುದುರೆ ಹುಟ್ಟಬಹುದು. ಹಾಗೆಯೇ, ಕಿಂಗ್, ಲಿಯೊ, ಜೋ ಹ್ಯಾನ್‌ಕಾಕ್ ಎಂಬ ಹಳೆಯ ಹೆಸರಾಂತ ಗಂಡು ಕುದುರೆಗಳ ಹೆಸರು ಏಳು ತಲೆಮಾರು ಹಿಂದೆ ಇದೆ ಎಂದು ಹೆಚ್ಚು ಹಣ ಕೊಡಬೇಡಿ. ಅಷ್ಟು ಹಿಂದೆ ಹೋದರೆ ಅಸಂಖ್ಯ ಕುದುರೆಗಳಲ್ಲಿ ಆ ಹೆಸರು ಸಿಗುತ್ತದೆ. ಮೊದಲ ಮೂರು ತಲೆಮಾರು ಏನು ಕೆಲಸ ಮಾಡಿದವು ಎಂದು ಕೇಳಿ.

ಒಂದು ಹೆಸರನ್ನು ಮಾತ್ರ ಎಷ್ಟೇ ಹಿಂದಿದ್ದರೂ ಹುಡುಕಿ: ಇಂಪ್ರೆಸಿವ್. 1968ರಲ್ಲಿ ಹುಟ್ಟಿದ ಈ ಗಂಡು ಕುದುರೆಯ ಮಾಂಸಖಂಡಕ್ಕೆ ಇಡೀ ಹಾಲ್ಟರ್ ಲೋಕ ಮರುಳಾಯಿತು, ಅವನ ಸಂತತಿ ಎಲ್ಲೆಡೆ ಹರಡಿತು. ಅದರ ಜೊತೆ ಎಚ್‌ವೈಪಿಪಿ ಎಂಬ ರೋಗವೂ ಹರಡಿತು. ಖಂಡದ ಜೀವಕೋಶಗಳಲ್ಲಿ ಸೋಡಿಯಂ ಹಾಯುವ ದಾರಿಯ ದೋಷ ಅದು. ರಕ್ತದಲ್ಲಿ ಪೊಟ್ಯಾಶಿಯಂ ಏರಿದಾಗ ಕುದುರೆ ನಡುಗಿ, ಬಲಗುಂದಿ, ಕುಸಿದುಬೀಳಬಹುದು, ಸಾಯಲೂಬಹುದು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಕಾಗದದಲ್ಲಿ ‘ಎನ್/ಎನ್’ ಎಂದಿದ್ದರೆ ದೋಷವಿಲ್ಲ, ‘ಎನ್/ಎಚ್’ ಎಂದರೆ ಒಂದು ಪಾಲು ಇದೆ. ‘ಎಚ್/ಎಚ್’ ಆಗಿ 2007 ಅಥವಾ ಆಮೇಲೆ ಹುಟ್ಟಿದ ಮರಿಗಳಿಗೆ ಸಂಘ ನೋಂದಣಿ ಕೊಡುವುದಿಲ್ಲ. ‘ಎನ್/ಎಚ್’ ಕುದುರೆಯನ್ನು ಸಾಕಬಹುದು, ಆದರೆ ಕುದುರೆಮಸಾಲೆ ಸೊಪ್ಪು, ಕಾಕಂಬಿಯಂಥ ಪೊಟ್ಯಾಶಿಯಂ ಹೆಚ್ಚಿರುವ ಮೇವು ಬಿಟ್ಟು, ಜೀವನವಿಡೀ ಕಟ್ಟುನಿಟ್ಟು. ಮೊದಲ ಕುದುರೆಯಾಗಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ರಕ್ತವೆಲ್ಲ ಶುದ್ಧ ಎಂದೂ ನಂಬಬೇಡಿ. ಹರ್ಡಾ ಎಂಬ ಚರ್ಮರೋಗ ಹಳೆಯ ಹೆಸರುವಾಸಿ ಪೋಕೊ ಬ್ವೇನೊ (1944) ವಂಶದಲ್ಲಿ ಸಾಗಿಬಂದದ್ದು. ಜೀನು ಕಟ್ಟಲು ಶುರುಮಾಡಿದ ಮೇಲೆ ಬೆನ್ನಿನ ಚರ್ಮ ಕಿತ್ತು ಬರುತ್ತದೆ. ಇದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಜೂಲಿನ ಕೂದಲನ್ನು ಬೇರು ಸಮೇತ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಈ ತಳಿಯ ಮುಖ್ಯ ರೋಗಗಳ ಫಲಿತಾಂಶ ಒಟ್ಟಿಗೇ ಸಿಗುತ್ತದೆ. ಪರೀಕ್ಷೆ ಮಾಡಿಸಲು ಒಪ್ಪದವರ ಕುದುರೆ ಬಿಟ್ಟುಬಿಡಿ.

9. ಜೀನು ಇಟ್ಟು ನೋಡಿ, ಆಮೇಲೆ ಪಶುವೈದ್ಯರನ್ನು ಕರೆಸಿ

ವೆಸ್ಟರ್ನ್ ಜೀನಿನ ಒಳಗಿನ ಚೌಕಟ್ಟಿನಲ್ಲಿ ಬೆನ್ನಿನ ಎರಡೂ ಪಕ್ಕ ಕೂರುವ ಪಟ್ಟಿಗಳಿಗೆ ‘ಬಾರ್’ ಎನ್ನುತ್ತಾರೆ. ‘ಫುಲ್ ಕ್ವಾರ್ಟರ್ ಹಾರ್ಸ್ ಬಾರ್’ ಅಗಲ, ಚಪ್ಪಟೆ ಬೆನ್ನಿಗೆ. ‘ಸೆಮಿ’ ಅದಕ್ಕಿಂತ ಕಿರಿದು, ವಿದರ್ಸ್ ಇರುವ ಬೆನ್ನಿಗೆ. ಹಳೆ ಕಟ್ಟು, ಹೊಸ ಕಟ್ಟು ಎಂಬ ಭೇದ ಜೀನಿನ ಅಂಗಡಿಯವರೆಗೂ ಬಂದಿದೆ. ಆದರೆ ತಯಾರಕರಿಂದ ತಯಾರಕರಿಗೆ ಅಳತೆ ಬೇರೆ, ಹೆಸರು ನೋಡಿ ತರಬೇಡಿ. ಕೆಳಗೆ ದಪ್ಪ ಬಟ್ಟೆಯಿಲ್ಲದೆ ಬರಿ ಜೀನನ್ನೇ ಬೆನ್ನ ಮೇಲಿಟ್ಟು, ವಿದರ್ಸ್ ಮೇಲೆ ಎರಡು ಮೂರು ಬೆರಳು ಹಿಡಿಸುತ್ತದೆಯೇ, ಬಾರ್‌ಗಳು ಉದ್ದಕ್ಕೂ ಬೆನ್ನಿಗೆ ತಾಗಿವೆಯೇ ನೋಡಿ. ನಡುವೆ ಕೈ ಸಲೀಸಾಗಿ ಹಾಯ್ದುಹೋದರೆ ಸೇತುವೆಯ ಹಾಗೆ ನಿಂತಿದೆ ಎಂದರ್ಥ, ಭಾರವೆಲ್ಲ ಎರಡು ತುದಿಗೆ ಬೀಳುತ್ತದೆ.

ಪಶುವೈದ್ಯರನ್ನು ನೀವೇ ಗೊತ್ತುಮಾಡಿ, ಮಾರುವವರ ಕುದುರೆಗಳನ್ನು ನೋಡಿಕೊಳ್ಳುವವರನ್ನಲ್ಲ. ನಿಮ್ಮ ಅಳತೆಯ ಹಾಳೆಯನ್ನೂ ಮೂರು ಫೋಟೊಗಳನ್ನೂ ಅವರಿಗೆ ಮುಂಚೆಯೇ ಕಳಿಸಿ, ಮಗು ಎಂಥ ಸವಾರಿ ಮಾಡುತ್ತದೆ ಎಂದು ತಿಳಿಸಿ. ಮುಂಗಾಲಿನ ಎರಡೂ ಗೊರಸಿನ ಎಕ್ಸ್‌ರೇ, ಕಾಲು ಮಡಿಸಿ ಹಿಡಿದು ತಕ್ಷಣ ಓಡಿಸುವ ಪರೀಕ್ಷೆ, ಇವೆರಡನ್ನೂ ಬಾಯಿಬಿಟ್ಟು ಕೇಳಿ. ದುಡ್ಡು ಉಳಿಸಲು ಇದೊಂದನ್ನು ಕೈಬಿಟ್ಟವರೇ ಆರು ತಿಂಗಳ ನಂತರ ನನಗೆ ಮತ್ತೆ ಬರೆಯುವುದು.